ಹೊಸಿಲ ಬಳಿ ವಿಷಲ್ ಊದಿದ ಗಂಗಣ್ಣ

ಹುಟ್ಟಿದ ಮಗುವನ್ನು ನೋಡಲು ಬಂದವರೆಲ್ಲ ಮೊದಲು ಮುಖ ನೋಡುತ್ತಾರೆ. ಕಂಡಕ್ಟರ್ ಗಂಗಣ್ಣ ಮೊದಲು ಅಂಗಾಲು ನೋಡುತ್ತಿದ್ದರು. ಮೂಗು ಅಪ್ಪನದೋ, ಕಣ್ಣು ಅಮ್ಮನದೋ ಎಂಬ ಮಾತಿನಲ್ಲಿ ಅವರಿಗೆ ಆಸಕ್ತಿಯೇ ಇರಲಿಲ್ಲ. ಸುತ್ತಿದ ಬಟ್ಟೆ ಸರಿಸಿ, ಟಿಕೆಟ್ ಹರಿದು ಹರಿದು ಒರಟಾಗಿದ್ದ ಹೆಬ್ಬೆರಳನ್ನು ಆ ಪುಟ್ಟ ಅಂಗಾಲಿಗೆ ಮೆಲ್ಲಗೆ ಒತ್ತುತ್ತಿದ್ದರು. ಮಗು ಝಾಡಿಸಿ ಒದೆಯಿತೋ, ಅವರಿಗೆ ಒದೆ ಬಿದ್ದ ಸಂತೋಷವೇ ಸಂತೋಷ. "ನೋಡ್ರಪ್ಪಾ, ಇಂಜಿನ್ ಸ್ಟಾರ್ಟು! ಇನ್ನು ಇದನ್ನ ತಡೆಯೋರು ಯಾರಿದಾರೆ?" ಎಂದು ಇಡೀ ವಠಾರಕ್ಕೆ ಕೇಳುವಂತೆ ಕೂಗುತ್ತಿದ್ದರು. ಬಾಣಂತಿ ಬೆಚ್ಚಿ ಬೀಳುತ್ತಿದ್ದಳು. ಗಂಗಣ್ಣನವರ ಹೆಂಡತಿ ಸರೋಜಕ್ಕ ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋಗುತ್ತಿದ್ದರು.

ನಮ್ಮ ವಠಾರ ಇದ್ದದ್ದು ರಾಜಾಜಿನಗರದಲ್ಲಿ, ಲೇತ್ ಶೆಡ್ಡುಗಳ ಬೆನ್ನಿಗೆ. ಎದುರು ಬದುರು ಎರಡು ಸಾಲು ಮನೆ, ನಡುವೆ ಕಲ್ಲುಚಪ್ಪಡಿ ಹಾಸಿದ ಅಂಗಳ, ಅಂಗಳದ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಗಂಗಣ್ಣನವರ ಬಾಗಿಲು ನಮ್ಮ ಬಾಗಿಲಿಗೆ ನೇರ ಎದುರು. ಉದ್ದನೆಯ ಆಳು. ಬಸ್ಸಿನೊಳಗೆ ತಲೆ ತಗ್ಗಿಸಿ ತಗ್ಗಿಸಿ ಕತ್ತು ಮುಂದಕ್ಕೆ ಬಾಗಿಕೊಂಡೇ ಉಳಿದಿತ್ತು. ಖಾಕಿ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತರೂ ಕೊರಳಿನ ವಿಷಲ್ ಮಾತ್ರ ತೆಗೆಯುತ್ತಿರಲಿಲ್ಲ. ಮಾತೆಲ್ಲ ಬಸ್ಸಿನದೇ. ಊಟಕ್ಕೆ ಕರೆದರೆ "ಹೋಲ್ಡಾನ್, ಹೋಲ್ಡಾನ್, ಕೈ ತೊಳ್ಕೊಂಡು ಹತ್ತೀನಿ" ಎನ್ನುವರು. ನಲ್ಲಿಯ ಹತ್ತಿರ ಕೊಡಗಳ ಜಗಳ ಶುರುವಾದರೆ ನಡುವೆ ನುಗ್ಗಿ, "ಒಳಗಡೆ ಹೋಗಿ ತಾಯಂದಿರಾ, ಹಿಂದ್ಗಡೆ ಪೂರಾ ಖಾಲಿ ಇದೆ" ಎನ್ನುವರು. ಹಿಂದುಗಡೆ ಇದ್ದದ್ದು ಕಾಂಪೌಂಡ್ ಗೋಡೆ. ಜಗಳವಾಡುತ್ತಿದ್ದವರಿಗೂ ನಗು ಬಂದುಬಿಡುತ್ತಿತ್ತು.

ಅವರ ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಕೆಂಗೇರಿ ಕಡೆ ಹೋಗಿದ್ದರು. ಮಕ್ಕಳ ಹುಚ್ಚು ಯಾಕಿಷ್ಟು ಎಂದು ಒಮ್ಮೆ ಅಮ್ಮ ಕೇಳಿದಾಗ ಹೇಳಿದ್ದರು: "ನಮ್ ಹುಡುಗೀರು ಯಾವಾಗ ಮಗುಚ್ಕೊಂಡ್ರೋ, ಯಾವಾಗ ನಡೆದ್ರೋ, ನಾನೊಂದೂ ನೋಡ್ಲಿಲ್ಲ ಕಣಮ್ಮ. ಎದ್ದು ಹೋಗೋವಾಗ್ಲೂ ಮಲಗಿರೋರು, ಬರೋವಾಗ್ಲೂ ಮಲಗಿರೋರು. ಒಂದಿನ ಬಾಗಿಲು ತೆಗೆದ್ರೆ ದೊಡ್ಡೋಳು ನಡ್ಕೊಂಡು ಬಂದ್ಳು. ನನಗೆ ಗಾಬರಿ, ಯಾರ್ ಮನೆ ಮಗು ಇದು ಅಂತ!"

ವಠಾರಕ್ಕೆ ಒಂದು ಪದ್ಧತಿ ಇತ್ತು. ಮಗು ಬೋರಲು ಬಿದ್ದರೆ ದೋಸೆ, ಕೂತರೆ ಕಡುಬು, ಅಂಬೆಗಾಲಿಟ್ಟರೆ ಅಂಬೊಡೆ, ಹೊಸಿಲು ದಾಟಿದರೆ ಹೋಳಿಗೆ. ಮಗುವಿನ ಮನೆಯವರು ಮಾಡಿ ಎಲ್ಲ ಮನೆಗೂ ಹಂಚಬೇಕು. ಹೊಸಿಲು ದಾಟಿದ ದಿನ ಹೊಸಿಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದು, ಮಗುವನ್ನು ಅದರ ಮೇಲೆ ಒಂದು ಗಳಿಗೆ ನಿಲ್ಲಿಸಿ ಇಳಿಸುತ್ತಿದ್ದರು. ಅಲ್ಲಿಗೆ ಮಗು ಲೋಕಕ್ಕೆ ಬಂದ ಹಾಗೆ. ಹೊಸಿಲು ಪೂಜೆ ಆದ ಮೇಲೆ ಯಾರೂ ಆ ಮಗುವಿನ ಬೆಳವಣಿಗೆ ಬಗ್ಗೆ ಅನುಮಾನದ ಮಾತು ಆಡಬಾರದು. ಆಡಿದರೆ ಮಗುವಿಗೆ ಆಗಿಬರುವುದಿಲ್ಲ ಎಂದು ನಂಬಿಕೆ.

ಗಂಗಣ್ಣನವರಿಗೆ ಇವೆಲ್ಲ ಸ್ಟಾಪುಗಳು. ಯಾವ ಮನೆಯ ಮಗು ಯಾವ ಸ್ಟಾಪಿನಲ್ಲಿದೆ ಎಂದು ಬಾಯಲ್ಲೇ ಇರುತ್ತಿತ್ತು. ಮಗು ಮುಂದಿನ ಸ್ಟಾಪಿಗೆ ಬಂತೆಂದರೆ ಅಂಗಳದ ನಡುವೆ ನಿಂತು ಒಂದು ಉದ್ದನೆಯ ವಿಷಲ್. ಕುಕ್ಕರ್ ಇಳಿಸಿ, ಸೋಪಿನ ಕೈಯಲ್ಲೇ, ಎಲ್ಲರೂ ಓಡಿ ಬರುತ್ತಿದ್ದರು. ಆ ವಿಷಲ್ ಕೇಳಿದಾಗ ನನಗೂ ಮೈ ಜುಂ ಎನ್ನುತ್ತಿತ್ತು. ಯಾರ ಮನೆಯದೋ ಮಗು, ಆದರೂ ನಾನೇ ಏನೋ ಗೆದ್ದ ಹಾಗೆ.

ನನ್ನ ತಮ್ಮ ಮಂಜ ಹುಟ್ಟಿದಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಹೆರಿಗೆ ಕಷ್ಟವಾಗಿತ್ತು; ಮಗು ಹುಟ್ಟಿದ ಎಷ್ಟೋ ಹೊತ್ತಿನವರೆಗೆ ಅಳಲಿಲ್ಲವಂತೆ. ಮನೆಗೆ ಬಂದ ದಿನ ಗಂಗಣ್ಣ ಎಂದಿನಂತೆ ಅಂಗಾಲಿಗೆ ಹೆಬ್ಬೆರಳು ಒತ್ತಿದರು. ಮಂಜ ಒದೆಯಲಿಲ್ಲ. ಇನ್ನೊಂದು ಕಾಲು ಒತ್ತಿದರು. ಎರಡೂ ಕಾಲು ಬಿಗಿದುಕೊಂಡು ಒಂದರ ಮೇಲೊಂದು ಕತ್ತರಿಯ ಹಾಗೆ ಕೂತವು. ಗಂಗಣ್ಣ ಬಟ್ಟೆಯನ್ನು ಮತ್ತೆ ಕಾಲಿಗೆ ಸುತ್ತಿದರು. ಆಮೇಲೆ ಗಟ್ಟಿಯಾಗಿ ನಕ್ಕು, "ಡೀಸೆಲ್ ಗಾಡಿ ಕಣ್ರೀ, ಚಳಿಗೆ ಸ್ವಲ್ಪ ಟೈಮ್ ತಗೊಳುತ್ತೆ" ಎಂದರು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ಅಮ್ಮನ ರಜೆ ಮುಗಿಯಿತು. ಅವಳು ಮಾಗಡಿ ರಸ್ತೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಅಪ್ಪ ಲೇತ್ ಶೆಡ್ಡಿನಲ್ಲಿ. ಮಗುವನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಕೆಲಸವನ್ನೂ ಹಿಡಿದೆ. ಮಣೆಯ ಮೇಲೆ ಕರಿ ಹಿಟ್ಟು, ಪಕ್ಕದಲ್ಲಿ ಕಡ್ಡಿ ಕಟ್ಟು, ನೆಲದ ಮೇಲೆಲ್ಲ ಪುಡಿ. ಮಗುವನ್ನು ಕೆಳಗೆ ಬಿಟ್ಟರೆ ಕೈ ಹಾಕುತ್ತದೆ, ಬಾಯಿಗಿಡುತ್ತದೆ. ಹಾಗಾಗಿ ತೊಲೆಗೆ ಅಮ್ಮನ ಹಳೆ ಸೀರೆಯ ಜೋಲಿ ಕಟ್ಟಿ ಮಂಜನನ್ನು ಅದರಲ್ಲಿ ಹಾಕಿದೆ. ಕಾಲಿಗೆ ಹಗ್ಗ ಕಟ್ಟಿಕೊಂಡು ತೂಗುತ್ತಾ ಬತ್ತಿ ಹೊಸೆಯುತ್ತಿದ್ದೆ. ರೇಡಿಯೋದಲ್ಲಿ ಹಾಡು. ಅವನೂ ಗಲಾಟೆಯಿಲ್ಲದ ಮಗು. ಬೆಳಗಿನಿಂದ ಸಂಜೆಯವರೆಗೆ ಜೋಲಿಯಲ್ಲೇ. ಅಮ್ಮ "ಸ್ವಲ್ಪ ಹೊತ್ತು ಚಾಪೆ ಮೇಲೆ ಬಿಡೇ" ಎಂದು ದಿನಾ ಹೇಳುವಳು. ನಾನು "ಬಿಟ್ಟಿದ್ದೆ ಕಣಮ್ಮ" ಎಂದು ದಿನಾ ಹೇಳುವೆ.

ಅವನಿಗಿಂತ ಮೊದಲು ಹುಟ್ಟಿದ ಮಗುವಿಗೆ ವಿಷಲ್ ಆಯಿತು; ಅವನಾದ ಮೇಲೆ ಹುಟ್ಟಿದ ಟೈಲರ್ ಮನೆಯ ಮಗುವಿಗೂ ಆಯಿತು. ಮಂಜ ಮಗುಚಿಕೊಂಡದ್ದೇ ತಡವಾಗಿ, ಅದೂ ಒಂದು ಕಡೆಗೆ ಮಾತ್ರ. ದೋಸೆ ಹಂಚಿದೆವು. ಕಡುಬಿನ ಮಾತೇ ಬರಲಿಲ್ಲ. ನಲ್ಲಿಯ ಹತ್ತಿರ "ಗಂಡು ಮಕ್ಳು ನಿಧಾನ ಕಣ್ರೀ" ಎಂದು ಒಬ್ಬರು, "ನಮ್ ಭಾವನೂ ಎರಡು ವರ್ಷ ಕೂತೇ ಇದ್ನಂತೆ, ಈಗ ಪೊಲೀಸು" ಎಂದು ಇನ್ನೊಬ್ಬರು. ಗಂಗಣ್ಣ ಎಲ್ಲರಿಗಿಂತ ಗಟ್ಟಿಯಾಗಿ, "ಲೇಟಾಗಿ ಬರೋ ಬಸ್ಸು ಖಾಲಿ ಬರುತ್ತೆ ಕಣಮ್ಮ, ಆರಾಮಾಗಿ ಕೂತ್ಕೊಂಡು ಹೋಗ್ಬಹುದು" ಎನ್ನುವರು. ಅಮ್ಮ ಸಂಜೆ ಕೆಲಸದಿಂದ ಬಂದವಳು ಕೈಕಾಲು ಕೂಡ ತೊಳೆಯದೆ ಮಂಜನ ಕಾಲುಗಳನ್ನು ಬಿಡಿಸಿ ಬಿಡಿಸಿ ನೋಡುವಳು. ಅವು ಬಿಡಿಸಿದರೂ ಮತ್ತೆ ಕತ್ತರಿ ಆಗುವವು.

ಒಂದು ದಿನ ಅಮ್ಮ ಹೇಳಿದಳು: "ಗುರುವಾರ ರಜ ಕೇಳಿದೀನಿ. ಮಕ್ಕಳ ಆಸ್ಪತ್ರೆಗೆ ತೋರಿಸ್ಕೊಂಡು ಬರ್ತೀನಿ. ನೀನೂ ಬಾ. ದಿನಾ ನೋಡ್ಕೊಳ್ಳೋಳು ನೀನು, ಡಾಕ್ಟ್ರು ಕೇಳಿದ್ರೆ ನೀನೇ ಹೇಳ್ಬೇಕು."

ಡಾಕ್ಟರು ಏನು ಕೇಳುತ್ತಾರೆ? ಮಗು ಹಗಲೆಲ್ಲ ಎಲ್ಲಿರುತ್ತೆ ಅಂತ ಕೇಳುತ್ತಾರೆ. ಜೋಲಿಯಲ್ಲಿ ಅನ್ನಬೇಕು. ಅಂದರೆ ಇವನ ಕಾಲು ಹೀಗಾದದ್ದು ನನ್ನಿಂದಲೇ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆ ವಯಸ್ಸಿಗೆ ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಬುಧವಾರ ಸಂಜೆ ಗಂಗಣ್ಣ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ನಾನು ಮಂಜನನ್ನು ಜೋಲಿಯಿಂದ ಎತ್ತಿ ಬಾಗಿಲಿಗೆ ತಂದೆ. ಹೊಟ್ಟೆ ಹೊಸಿಲ ಮೇಲೆ ಬರುವಂತೆ ಬೋರಲು ಮಲಗಿಸಿದೆ. ತಲೆ ಹೊರಗೆ, ಕಾಲು ಒಳಗೆ. ನಾನು ಬಾಗಿಲ ಮರೆಯಲ್ಲಿ ಕೂತು ಕಾದೆ. ಗೇಟು ಕಿರುಗುಟ್ಟಿತು, ಚಪ್ಪಲಿ ಸದ್ದು ಅಂಗಳಕ್ಕೆ ಬಂತು. ಎರಡು ಕೈಯಲ್ಲಿ ಅವನ ಅಂಗಾಲು ಹಿಡಿದು ತಳ್ಳಿದೆ. ಜಾರಿಕೊಂಡು ಆಚೆಗೆ ಹೋಗಿ ಚಪ್ಪಡಿಯ ಮೇಲೆ ಬಿದ್ದ. ಅಳಲೂ ಇಲ್ಲ, ಆಶ್ಚರ್ಯದಿಂದ ಸುತ್ತ ನೋಡಿದ. "ಅಯ್ಯೋ, ಮಂಜ ಹೊಸಿಲು ದಾಟಿದ!" ಎಂದು ಕಿರುಚಿದೆ.

ಅಂಗಳದ ನಡುವೆ ನಿಂತಿದ್ದ ಗಂಗಣ್ಣ ನಮ್ಮ ಕಡೆಗೇ ನೋಡುತ್ತಿದ್ದರು. ವಿಷಲ್ ಬಾಯಿಗೆ ಹೋಯಿತು. ಅಷ್ಟು ಉದ್ದನೆಯ ವಿಷಲ್ ಅವರು ಯಾವ ಮಗುವಿಗೂ ಊದಿರಲಿಲ್ಲ. ಬಾಗಿಲು ಬಾಗಿಲು ತೆರೆದವು. ಯಾರೋ ಅರಿಶಿನ ತಂದರು, ಯಾರೋ ಕಾಯಿ ತಂದರು. ಸರೋಜಕ್ಕ ಯಾರೂ ಕೇಳುವ ಮೊದಲೇ ನಮ್ಮ ಒಲೆಯ ಮೇಲೆ ಕಡಲೆಬೇಳೆ ಬೇಯಲು ಹಾಕಿದರು. ಗಂಗಣ್ಣ ಮಂಜನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳವನ್ನು ಸುತ್ತಿದ್ದೇ ಸುತ್ತಿದ್ದು. "ರಾಜಾಜಿನಗರ, ವಿಜಯನಗರ, ಬಾಪೂಜಿನಗರ, ಕೆಂಗೇರೀ! ಯಾರ್ರೀ ಹತ್ತೋರು? ಮಂಜಣ್ಣನ ಗಾಡಿ ಹೊರಟಿದೆ!" ಮಕ್ಕಳು ಹಿಂದೆ ಸಾಲು ಹಿಡಿದವು. ಅಷ್ಟರಲ್ಲಿ ಅಮ್ಮ ಗೇಟಿನೊಳಗೆ ಬಂದಳು. ಏನಾಯಿತೆಂದು ಯಾರೋ ಹೇಳಿದರು. ಕೈಚೀಲ ಹಾಗೇ ಕೆಳಗೆ ಬಿತ್ತು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು, ನನ್ನ ಕೆನ್ನೆ ಹಿಂಡಿದಳು. "ನನ್ ಬಂಗಾರ, ನೀನ್ ನೋಡ್ಕೊಂಡಿದ್ದಕ್ಕೇ ಕಣೇ."

ನಿಜ ಹೇಳುತ್ತೇನೆ, ಆ ಸಂಜೆ ನನಗೂ ಖುಷಿಯಾಯಿತು. ಆ ಗದ್ದಲದಲ್ಲಿ ನಾನು ತಳ್ಳಿದ್ದು ನನಗೇ ಮರೆತುಹೋಯಿತು. ಹೋಳಿಗೆ ತಿಂದೆ. ಎರಡನೆಯದನ್ನೂ ಕೇಳಿ ಹಾಕಿಸಿಕೊಂಡೆ. ಮಾರನೆಯ ದಿನ ಅಮ್ಮ ಎಂದಿನಂತೆ ಕೆಲಸಕ್ಕೆ ಹೋದಳು. ಹೊಸಿಲು ಪೂಜೆ ಆದ ಮಗುವನ್ನು ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋಗಬೇಕು?

ಯುಗಾದಿ ಕಳೆಯಿತು. ಮಳೆ ಬಂತು. ಮಂಜ ಎರಡನೇ ಸಲ ಹೊಸಿಲು ದಾಟಲಿಲ್ಲ. ಈಗ ನಾನು ದಿನಾ ಅವನನ್ನು ಚಾಪೆ ಮೇಲೆ ಬಿಡುತ್ತಿದ್ದೆ, ಗಿಲಕಿ ದೂರ ಇಟ್ಟು "ಬಾರೋ, ಬಾರೋ" ಎಂದು ಅಂಗಲಾಚುತ್ತಿದ್ದೆ. ಅವನು ನಗುವನು, ಕೈ ಚಾಚುವನು, ಕಾಲು ಕತ್ತರಿ. ಅಮ್ಮನ ಮುಖದಲ್ಲಿ ಮತ್ತೆ ಹಳೆಯ ಕಳವಳ. ಆದರೆ ಬಾಯಿ ಬಿಡುವ ಹಾಗಿಲ್ಲ, ಪೂಜೆ ಆಗಿದೆ.

ಒಂದು ಭಾನುವಾರ ಗಂಗಣ್ಣ ಮಂಜನನ್ನು ಅಂಗಳದಲ್ಲಿ ಕೂರಿಸಿದರು. ಅವನು ಪಕ್ಕಕ್ಕೆ ವಾಲಿದ. ಮತ್ತೆ ಕೂರಿಸಿದರು. ಮತ್ತೆ ವಾಲಿದ. ಟೈಲರ್ ಮನೆಯ ಮಗು ಅಷ್ಟರಲ್ಲಿ ನಡೆದುಕೊಂಡು ಬಂದು ಮಂಜನ ಕೈಯಲ್ಲಿದ್ದ ಬಿಸ್ಕತ್ತು ಕಿತ್ತುಕೊಂಡು ಹೋಯಿತು. ಗಂಗಣ್ಣ ನಗಲಿಲ್ಲ. ನನ್ನನ್ನು ನಲ್ಲಿಯ ಹತ್ತಿರ ಕರೆದರು.

"ಜಯಮ್ಮ, ನಿನಗೊಂದು ವಿಷ್ಯ ಹೇಳ್ತೀನಿ ಕೇಳು. ಹೊಸದಾಗಿ ಕೆಲ್ಸಕ್ಕೆ ಸೇರಿದಾಗ ಸುಂಕದಕಟ್ಟೆ ಹತ್ರ ಒಂದಿನ ಹಿಂದಿನ ಬಾಗಿಲು ನೋಡದೆ ರೈಟ್ ಅಂದ್ಬಿಟ್ಟೆ. ಒಬ್ಬಜ್ಜೀದು ಒಂದು ಕಾಲು ಮೆಟ್ಟಿಲ ಮೇಲಿತ್ತು, ಒಂದು ಕಾಲು ನೆಲದ ಮೇಲೆ. ಬಿದ್ದು ಕೈ ಮುರ್ಕೊಂಡ್ಳು. ಆಸ್ಪತ್ರೆಗೆ ನೋಡೋಕೆ ಹೋದ್ರೆ ಅವಳೇ ನನಗೆ ಸಮಾಧಾನ ಮಾಡ್ತಾಳೆ, ನಂದೇ ತಪ್ಪು ಕಣಪ್ಪ, ನಿಧಾನ ಮಾಡ್ದೆ ಅಂತ. ಅವತ್ತಿಂದ ಎರಡು ಸಲ ನೋಡ್ದೆ ನಾನು ರೈಟ್ ಹೇಳಲ್ಲ." ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಕೇಳಿದರು: "ಈಗ ಹೇಳು. ಅವತ್ತು ಗಾಡಿ ತಾನೇ ಹೋಯ್ತೋ, ತಳ್ಳಿದ್ಯೋ?"

"ತಳ್ಳಿದೆ" ಎಂದೆ. ಅಳು ಬಂತು. ಜೋಲಿಯ ವಿಷಯವೂ ಬಂತು, ಎಲ್ಲ ಒಟ್ಟಿಗೆ ಬಂತು.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನಾಳೆ ನಾನು ಲೀವ್ ಹಾಕ್ತೀನಿ. ನಿಮ್ಮಮ್ಮನಿಗೆ ಹೇಳಿ ಆಸ್ಪತ್ರೆಗೆ ಹೊರಡಿಸೋದು ನನ್ ಕೆಲ್ಸ. ಮಿಕ್ಕಿದ್ದು ನೀನೇ ಹೇಳ್ಬೇಕು. ನಾನು ಹೇಳಿಕೊಡಲ್ಲ" ಎಂದರು.

ಆಸ್ಪತ್ರೆಯ ಕೋಣೆಯಲ್ಲಿ ಕನ್ನಡಕದ ಡಾಕ್ಟರಮ್ಮ ಮಂಜನನ್ನು ಮೇಜಿನ ಮೇಲೆ ಮಲಗಿಸಿ ಕಾಲು ಮಡಿಸಿದರು, ಬಿಡಿಸಿದರು. ಅಮ್ಮ ಒಂದು ಕಡೆ, ನಾನು ಒಂದು ಕಡೆ, ಗಂಗಣ್ಣ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಾಗಿ ನಿಂತಿದ್ದರು.

"ಕಾಲು ಸ್ವಲ್ಪ ಬಿಗಿ ಇದೆ. ಕೂತ್ಕೊಳ್ತಾನಾ?"

"ಗೋಡೆಗೆ ಒರಗಿಸಿದ್ರೆ ಕೂತ್ಕೊಳ್ತಾನೆ ಡಾಕ್ಟ್ರೇ" ಎಂದಳು ಅಮ್ಮ.

"ತೆವಳ್ತಾನಾ?"

"ಹೊಸಿಲು ದಾಟಿದಾನೆ. ಹೋಳಿಗೆನೂ ಹಂಚಿದ್ವಿ."

"ತಾನಾಗೇ ದಾಟಿದ್ನಾ? ನೀವು ನೋಡಿದ್ರಾ?"

"ನಾನು ಕೆಲ್ಸಕ್ಕೆ ಹೋಗಿದ್ದೆ. ಇವಳು ನೋಡಿದಾಳೆ. ಅಗೋ, ಅವರೂ ನೋಡಿದಾರೆ."

ಡಾಕ್ಟರಮ್ಮ ಗಂಗಣ್ಣನವರ ಕಡೆ ನೋಡಿದರು. ಗಂಗಣ್ಣ ನೆಲ ನೋಡಿದರು. ಅವರು ಬಾಯಿ ತೆರೆಯುತ್ತಾರೆ ಎಂದು ನಾನು ಕಾದೆ. ತೆರೆಯಲಿಲ್ಲ. "ಆಗಲೇ ಹೊಸಿಲು ದಾಟಿದ್ರೆ ಅಷ್ಟು ಚಿಂತೆ ಇಲ್ಲ. ಟಾನಿಕ್ ಬರ್ಕೊಡ್ತೀನಿ, ಒಂದಷ್ಟು ತಿಂಗಳು ಬಿಟ್ಟು ತೋರ್ಸಿ" ಎಂದು ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಹೊರಗೆ ಮಕ್ಕಳ ಅಳು, ಉದ್ದ ಸಾಲು. ಪೆನ್ನು ಕಾಗದಕ್ಕೆ ತಾಗಿತು.

"ದಾಟಿಲ್ಲ" ಎಂದೆ. ದನಿ ನನಗೇ ಕೇಳಲಿಲ್ಲ. ಮತ್ತೆ ಹೇಳಿದೆ. "ದಾಟಿಲ್ಲ ಮೇಡಂ. ನಾನು ತಳ್ಳಿದ್ದು. ಹಗಲೆಲ್ಲ ಜೋಲೀಲೇ ಹಾಕಿರ್ತಿದ್ದೆ, ಅದಕ್ಕೇ ಹಿಂಗಾಗಿರೋದು."

ಅಮ್ಮ ನನ್ನ ಕಡೆ ತಿರುಗಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ನೋಡಿದರು. ಈ ಸಲ ತುಂಬಾ ಹೊತ್ತು. ಆಮೇಲೆ ಹೇಳಿದರು: "ಜೋಲಿಯಿಂದ ಆಗಿರೋದಲ್ಲಮ್ಮ ಇದು. ಹುಟ್ಟೋವಾಗ ಉಸಿರು ಸಾಲದೆ ಆಗಿರೋದು. ಬುದ್ಧಿ ಚುರುಕಾಗಿದೆ, ನೋಡಿ ಹೆಂಗೆ ನಗ್ತಾನೆ. ಕಾಲಿಗೆ ಮಾತ್ರ ದಿನಾ ವ್ಯಾಯಾಮ ಬೇಕು, ವರ್ಷಗಟ್ಟಲೆ. ನಡೀತಾನೆ ಅಂತ ನಾನು ಮಾತು ಕೊಡಲ್ಲ, ನಡೆಯಲ್ಲ ಅಂತಾನೂ ಹೇಳಲ್ಲ. ಇನ್ನೂ ಮುಂಚೆ ಬಂದಿದ್ರೆ ಇಷ್ಟೊತ್ತಿಗೆ ಕಾಲು ಎಷ್ಟೋ ಸಡಿಲ ಆಗಿರೋದು."

ಕೊನೆಯ ಮಾತು ನನ್ನ ಪಾಲಿಗೆ ಉಳಿಯಿತು. ಜೋಲಿಯ ತಪ್ಪು ತಪ್ಪಾಗಿರಲಿಲ್ಲ, ಹೋಳಿಗೆ ತಿಂದದ್ದೇ ತಪ್ಪು.

ಮನೆಗೆ ಬಂದ ಮೇಲೆ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಎಷ್ಟೋ ದಿನದ ಮೇಲೆ, ಎಣ್ಣೆ ಹಚ್ಚಿ ಮಂಜನ ಕಾಲು ಬಿಡಿಸುತ್ತಿದ್ದವಳು, ಒಂದು ಕಾಲನ್ನು ನನ್ನ ಕೈಗೆ ಕೊಟ್ಟು "ಹಿಡ್ಕೋ" ಎಂದಳು. ಅಷ್ಟೆ.

ಅಲ್ಲಿಂದ ಗಂಗಣ್ಣನವರ ಕಾರುಬಾರು ಶುರುವಾಯಿತು ನೋಡಿ! ಅಂಥ ಉತ್ಸಾಹವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. ವಠಾರವನ್ನು ಶಿಫ್ಟುಗಳಾಗಿ ಹಂಚಿದರು. ಬೆಳಗಿನ ಶಿಫ್ಟ್ ಅಮ್ಮ, ಮಧ್ಯಾಹ್ನ ನಾನು, ಆಮೇಲೆ ಸರೋಜಕ್ಕ, ಸಂಜೆ ತಾವೇ. ಯಾರಾದರೂ ತಪ್ಪಿಸಿದರೆ "ಗಾಡಿ ಬ್ರೇಕ್‌ಡೌನ್ ಮಾಡಿಸ್ತೀರಾ?" ಎಂದು ಜಗಳ. ಡಾಕ್ಟರಮ್ಮ ಹೇಳಿದ್ದು ಸಾಲದೆಂದು ತಮ್ಮ ಬಸ್ಸಿನ ಪ್ರಯಾಣಿಕರನ್ನೆಲ್ಲ ಕೇಳಿಕೊಂಡು ಬರುವರು. ಒಬ್ಬರು ಹುರುಳಿ ಶಾಖ ಅಂದರು, ಅದೂ ಆಯಿತು. ಇನ್ನೊಬ್ಬರು ಮಗುವನ್ನು ಸೊಂಟದವರೆಗೆ ಮರಳಿನಲ್ಲಿ ಹೂತು ನಿಲ್ಲಿಸಿ ಅಂದರು. ಗಂಗಣ್ಣ ರಜೆಯ ದಿನ ಎರಡು ಚಪ್ಪಡಿ ಕಿತ್ತು ಗುಂಡಿ ತೋಡಿಯೇಬಿಟ್ಟರು. ಮಂಜ ಮರಳಿನಲ್ಲಿ ನಿಂತು ಮಹಾರಾಜನ ಹಾಗೆ ಎಲ್ಲರಿಗೂ ಕೈ ಬೀಸಿದ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇದನ್ನು ಹೆಮ್ಮೆಯಿಂದ ವರದಿ ಮಾಡಿದರು. ಡಾಕ್ಟರಮ್ಮ ಕನ್ನಡಕ ತೆಗೆದು, "ಏನ್ರೀ, ಗಿಡ ನೆಡ್ತಿದೀರಾ? ನೀರೂ ಹಾಕಿದ್ರಾ?" ಎಂದರು. ಗಂಗಣ್ಣ ಬಂದು ಪೆಚ್ಚುಮುಖದಲ್ಲಿ ಗುಂಡಿ ಮುಚ್ಚಿದರು. ಮನೆ ಮಾಲೀಕರಿಂದ ಚಪ್ಪಡಿಗಾಗಿ ಬೈಸಿಕೊಂಡದ್ದು ಬೇರೆ.

ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನೇ ಮಾಡಿದರು. ಗುಜರಿ ಅಂಗಡಿಯಿಂದ ಬಸ್ಸಿನ ಒಳಗಿನ ಹಿಡಿಕಂಬಿಗಳನ್ನು ಹುಡುಕಿ ತಂದು, ಅಪ್ಪನ ಶೆಡ್ಡಿನಲ್ಲಿ ಕತ್ತರಿಸಿ, ಮಗುವಿನ ಎತ್ತರಕ್ಕೆ ಸರಿಯಾಗಿ ಅಂಗಳದ ಗೋಡೆ ಪಕ್ಕ ಎರಡು ಸಾಲು ನಿಲ್ಲಿಸಿದರು. ಅದರ ನಡುವೆ ಮಂಜ ನಿಲ್ಲಬೇಕು. ನಿಂತ. ಬಿದ್ದ. ನಿಂತ. ತಿಂಗಳುಗಳು ಹೋದವು. ಒಂದು ವಿಷಯ ಮಾತ್ರ ನಾನು ಗಮನಿಸಿದ್ದೆ. ಗಂಗಣ್ಣ ಮಕ್ಕಳಿಗೆ ವಿಷಲ್ ಊದುವುದನ್ನು ಬಿಟ್ಟುಬಿಟ್ಟಿದ್ದರು. ಟೈಲರ್ ಮನೆಯವರಿಗೆ ಇನ್ನೊಂದು ಮಗುವಾಗಿ ಅದು ಅಂಬೆಗಾಲಿಟ್ಟಾಗಲೂ ಊದಲಿಲ್ಲ. ಕೇಳಿದರೆ "ಗಂಟಲು ಸರಿ ಇಲ್ಲ" ಎಂದರು. ವಿಷಲ್ ಊದಲು ಗಂಟಲು ಯಾಕೆ ಬೇಕು ಎಂದು ಸರೋಜಕ್ಕ ನಕ್ಕರು.

ಮಂಜ ನಡೆದದ್ದು ಒಂದು ಭಾನುವಾರ ಸಂಜೆ. ವಠಾರದಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಸಿನಿಮಾ ಬರುತ್ತಿತ್ತು, ಎಲ್ಲರೂ ಅಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆವು. ಹೊರಗೆ ಗಂಗಣ್ಣ, ಮಂಜ ಇಬ್ಬರೇ. ಇದ್ದಕ್ಕಿದ್ದ ಹಾಗೆ ಗಂಗಣ್ಣ ಬಾಗಿಲಿಗೆ ಬಂದು, "ಬನ್ರೋ, ಬನ್ರೀ, ನಡೆದ! ಕಂಬಿ ಬಿಟ್ಟು ನಡೆದ! ಎರಡು ಸಲ ನೋಡಿದೀನಿ!" ಎಂದರು. ಸಿನಿಮಾದಲ್ಲಿ ಆಗಷ್ಟೇ ನಾಯಕಿಗೆ ವಿಷ ಹಾಕುತ್ತಿದ್ದರು. "ಬಂದ್ವಿ ಇರಿ ಗಂಗಣ್ಣ, ಒಂದ್ನಿಮಿಷ" ಎಂದು ಯಾರೋ ಅಂದರು. ಗಂಗಣ್ಣ ಹೋಗಿ ಮೈನ್ ಸ್ವಿಚ್ ಎಳೆದುಬಿಟ್ಟರು! ಟಿವಿ ಆರಿತು, "ಅಯ್ಯೋ ಕರೆಂಟು" ಎಂದು ಬೈಯುತ್ತಾ ಎಲ್ಲರೂ ಹೊರಗೆ ಬಂದರು. ಅಂಗಳದಲ್ಲಿ ಇನ್ನೂ ಬೆಳಕಿತ್ತು. ಮಂಜ ಕಂಬಿಗಳ ತುದಿಯಲ್ಲಿ ನಿಂತಿದ್ದ. ಇಷ್ಟು ಜನ ನೋಡಿ ನಕ್ಕ. ಕೈ ಬಿಟ್ಟ. ಮೊಣಕಾಲು ಒಂದಕ್ಕೊಂದು ಉಜ್ಜಿಕೊಂಡು, ಎರಡೂ ಕೈ ರೆಕ್ಕೆಯ ಹಾಗೆ ಹರಡಿ, ತುದಿಗಾಲಿನಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದು ಅಮ್ಮನ ಮಡಿಲಿಗೆ ಬಿದ್ದ. ವಠಾರ ಹುಚ್ಚು ಹಿಡಿದ ಹಾಗೆ ಕೂಗಿತು. ಅಮ್ಮ ಒಂದು ಕೈಯಲ್ಲಿ ಅವನನ್ನು, ಇನ್ನೊಂದರಲ್ಲಿ ನನ್ನನ್ನು ಎಳೆದುಕೊಂಡಳು. ನಾಯಕಿ ಬದುಕಿದಳೋ ಸತ್ತಳೋ ಯಾರಿಗೂ ಇಂದಿಗೂ ಗೊತ್ತಿಲ್ಲ.

ಮಂಜನಿಗೆ ಏಳು ತುಂಬಿದ ವರ್ಷ ಗಂಗಣ್ಣ ಅನ್ನಪೂರ್ಣೇಶ್ವರಿ ನಗರದ ಕಡೆ ಒಂದು ಚಿಕ್ಕ ಮನೆ ಕಟ್ಟಿಕೊಂಡು ವಠಾರ ಬಿಟ್ಟರು. ಸಾಮಾನೆಲ್ಲ ಲಾರಿಗೆ ಏರಿತು. ಸರೋಜಕ್ಕ ಮುಂದೆ ಡ್ರೈವರ್ ಪಕ್ಕ ಕೂತರು. ಮಂಜ ಲಾರಿಯ ಸುತ್ತ ತನ್ನ ವಾಲುವ ನಡಿಗೆಯಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದ. ಅವನು ಶಾಲೆಗೆ ನಡೆದೇ ಹೋಗುತ್ತಿದ್ದ. ಓಡುವುದಕ್ಕೆ ಮಾತ್ರ ಬರುತ್ತಿರಲಿಲ್ಲ. ನನಗಾಗ ಮದುವೆಯ ಮಾತು ನಡೆಯುತ್ತಿತ್ತು. ಗಂಗಣ್ಣ ನಮ್ಮ ಬಾಗಿಲಿಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ಜಯಮ್ಮ, ಹೋಗೋ ಮುಂಚೆ ಒಂದು ಹೇಳ್ಬೇಕು. ಅವತ್ತು ನೋಡಿದ್ದೆ ಕಣಮ್ಮ."

"ಏನ್ ನೋಡಿದ್ರಿ?"

"ನಿನ್ ಕೈ. ಮಗು ಕಾಲ ಹಿಂದೆ ಎರಡು ಕೈ ಕಾಣಿಸ್ತು. ನೋಡೇ ಊದಿದ್ದು."

"ಮತ್ತೆ ಯಾಕೆ ಊದಿದ್ರಿ?"

"ಊದ್ಬೇಕು ಅನ್ನಿಸ್ತಮ್ಮ. ಅಷ್ಟು ದಿನದಿಂದ ಕಾಯ್ತಾ ಇದ್ದೆ ಆ ಮಗೂಗೆ ಊದೋಕೆ. ಒಂದ್ಸಲ ಊದಿದ್ಮೇಲೆ ನಿಮ್ಮಮ್ಮ ಅತ್ತಳಲ್ಲ, ಆಗ ಹೆಂಗೆ ಹೇಳೋದು? ಬೆಳಗಾಗ್ಲಿ ಅಂದ್ಕೊಂಡೆ. ಬೆಳಗ್ಗೆ ಫಸ್ಟ್ ಶಿಫ್ಟು. ಆಮೇಲೆ ನಾಳೆ, ನಾಳೆ. ಆಸ್ಪತ್ರೇಲೂ ಬಾಯಿ ಬರ್ಲಿಲ್ಲ. ನಿನಗೆ ಬಂತು." ಅವರು ಕತ್ತು ಬಗ್ಗಿಸಿ ನಿಂತಿದ್ದರು, ಮೇಲೆ ಬಸ್ಸಿನ ತಗಡೇನೂ ಇರಲಿಲ್ಲ. "ಏನಾದ್ರೂ ಅನ್ನು ಜಯಮ್ಮ. ಬೈದ್ಬಿಡು."

ನನಗೆ ಎಂಥ ಸಿಟ್ಟು ಬಂತೆಂದರೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಅಮ್ಮನ ಮುಂದೆ ತಲೆ ತಗ್ಗಿಸಿಕೊಂಡು ಓಡಾಡಿದವಳು ನಾನು. ದಂಡವಾಗಿ ಹೋದ ತಿಂಗಳುಗಳ ಭಾರವನ್ನೆಲ್ಲ ಒಬ್ಬಳೇ ಹೊತ್ತವಳು ನಾನು. ದೊಡ್ಡವರು, ಎರಡು ಸಲ ನೋಡುವವರು, ನೋಡಿಯೂ ಸುಮ್ಮನಿದ್ದರು! ನಾನು ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ನಿಜ ಹೇಳಿದ ದಿನ ಅವರು ರಜೆ ಹಾಕಿ ನನ್ನ ಜೊತೆ ಬಂದಿದ್ದರು ಎಂಬುದು ಆಗ ನೆನಪಿಗೆ ಬರಲಿಲ್ಲ. ಬಂದದ್ದು ಆಮೇಲೆ. ನಾಳೆ ಹೋಗಿ ಮಾತಾಡಿಸೋಣ ಎಂದುಕೊಂಡೆ. ನಾಳೆ, ನಾಳೆ ಎಂದು ನಾನೂ ಅವರ ಹಾಗೇ ಮಾಡಿದೆ. ನನ್ನ ಮದುವೆಗೆ ಸರೋಜಕ್ಕ ಒಬ್ಬರೇ ಬಂದರು. ಗಂಗಣ್ಣ ಹಾಸಿಗೆ ಹಿಡಿದಿದ್ದಾರೆ ಎಂದರು. ನನ್ನ ಮೈಯ ಅರಿಶಿನ ಆರುವ ಮೊದಲೇ ತೀರಿಹೋದರಂತೆ. ನನಗೆ ಸುದ್ದಿ ತಲುಪಿದ್ದು ಎಲ್ಲ ಮುಗಿದ ಮೇಲೆ.

ಆದರೆ ಆ ದಿನ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದಾಗ, ಲಾರಿ ಗುರುಗುಟ್ಟುವ ಸದ್ದು ಕೇಳಿತು. ಹೊರಟಿತು. ಅದರ ಹಿಂದೆ "ಗಂಗಣ್ಣಾ, ಗಂಗಣ್ಣಾ" ಎಂದು ಮಂಜನ ಕೂಗು. ಆಮೇಲೆ ಚಪ್ಪಡಿಯ ಮೇಲೆ ಅವನ ಹೆಜ್ಜೆ ಸದ್ದು. ನನಗೆ ಗೊತ್ತಿದ್ದ ಸದ್ದಲ್ಲ ಅದು. ಒಂದು ಗಟ್ಟಿ, ಒಂದು ಮೆತ್ತಗೆ, ಬೇಗ ಬೇಗ, ಇನ್ನೂ ಬೇಗ. ಅಂಗಳದಲ್ಲಿ ಯಾರೋ ಕಿರುಚಿದರು: "ಅಯ್ಯೋ, ಓಡ್ತಾ ಇದಾನೆ! ಮಂಜ ಓಡ್ತಾ ಇದಾನೆ ನೋಡ್ರೇ!" ಬಾಗಿಲು ಬಾಗಿಲು ತೆರೆದವು. ಕಾಲುಗಳು ಗೇಟಿನ ಕಡೆ ನುಗ್ಗಿದವು. ಅಮ್ಮನ ದನಿ ಎಲ್ಲರಿಗಿಂತ ಮೇಲೆ.

ನಾನು ಅಗುಳಿ ತೆಗೆದು ಗೇಟಿಗೆ ಬರುವ ಹೊತ್ತಿಗೆ ಲಾರಿ ತಿರುವಿನಲ್ಲಿ ಮರೆಯಾಗಿತ್ತು. ಹಿಂದೆ ಸಾಮಾನಿನ ಮೇಲೆ ಕೂತಿದ್ದ ಗಂಗಣ್ಣ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕುಣಿದರು ಎಂದು ಅಮ್ಮ ಹೇಳಿದಳು. ಮಂಜ ತಿರುವಿನಿಂದ ವಾಪಸು ಬರುತ್ತಿದ್ದ, ಈಗ ನಡೆದುಕೊಂಡು. ಮುಖ ಕೆಂಪಾಗಿತ್ತು, ಎದೆ ಏರಿಳಿಯುತ್ತಿತ್ತು. ಎಲ್ಲರನ್ನೂ ಬಿಟ್ಟು ನೇರ ನನ್ನ ಹತ್ತಿರ ಬಂದ.

"ಅಕ್ಕಾ, ಓಡ್ದೆ! ನೋಡಿದ್ಯಾ?"

"ನೋಡಿದೆ ಕಣೋ" ಎಂದೆ.